ಟೈಮು ನೋಡೋದು ಮಾತ್ರ ಫೋನಲ್ಲೇ

ಹೋದ ಸಂಚಿಕೆಯಲ್ಲಿ ಈ ಪುಟದ ಕೊನೆಗೆ ಒಂದು ಸಾಲು ಬರೆದಿದ್ದೆ. ವಾಚಿನ ಹುಚ್ಚಿರುವವರು ಮನೆಯವರಿಗೂ ಹೇಳದ ಗುಟ್ಟೇನಾದರೂ ಇದ್ದರೆ ನನಗೆ ಬರೆಯಿರಿ, ಅಂತ. ಸುಮ್ನೆ ಬರೆದದ್ದು. ಬಂದ ಪತ್ರಗಳನ್ನು ನೋಡಿದರೆ ಬೀರುವಿನ ಸೀರೆ ಮಡಿಕೆಗಳ ಮಧ್ಯೆ, ಹಳೇ ಚೆಕ್‌ಬುಕ್ಕಿನ ಡಬ್ಬದಲ್ಲಿ, ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಟಿಕ್ ಟಿಕ್ ಅನ್ನುತ್ತಿರುವುದು ಬಹಳ ಇದೆ. ನಾನು ಶಿವಮೊಗ್ಗದಲ್ಲಿ 34 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಕಳಿಸಿದವರ ಹೆಸರಿಲ್ಲದ ಇಷ್ಟೊಂದು ಲಕೋಟೆ ಒಟ್ಟಿಗೆ ಕಂಡದ್ದು ಇದೇ ಮೊದಲು. ಇರಲಿ, ಊರಿನ ಹೆಸರಷ್ಟೇ ಹಾಕಿದ್ದೇನೆ.

ಪ್ರ: ಮೇಡಂ, ನನ್ನ ಹತ್ತಿರ 23 ವಾಚುಗಳಿವೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತು ಯೋಚಿಸಿ ಒಂದನ್ನು ಕಟ್ಟಿಕೊಳ್ಳುತ್ತೇನೆ. ಮೊನ್ನೆ ಬ್ಯಾಂಕಿನಲ್ಲಿ ಯಾರೋ ‘ಟೈಮೆಷ್ಟು ಸಾರ್?’ ಅಂದರು. ನನ್ನ ಕೈ ಸೀದಾ ಜೇಬಿಗೆ ಹೋಯಿತು. ಫೋನ್ ತೆಗೆದು ನೋಡಿ ಹೇಳಿದೆ. ಅವರು ನನ್ನ ಮುಖ ನೋಡಿದರು, ಕೈ ನೋಡಿದರು, ಏನೂ ಹೇಳಲಿಲ್ಲ.
— ಚಿತ್ರದುರ್ಗ

ಉ: ಪಾಪ, ಅವರು ನಿಮ್ಮ ಕೈಯಲ್ಲಿ ವಾಚು ಕಂಡೇ ಕೇಳಿರಬೇಕು. ನನ್ನ ಕಥೆ ಇನ್ನೂ ಒಂದು ಕೈ ಮೇಲು. ವಾಚು ನೋಡಿ ಕೈ ಇಳಿಸಿರುತ್ತೇನೆ, ಅಷ್ಟರಲ್ಲೇ ನಮ್ಮ ಮನೆಯವರು ‘ಎಷ್ಟಾಯ್ತು?’ ಅಂದರೆ ಮತ್ತೆ ನೋಡಬೇಕು. ಮೊದಲ ಸಲ ನೋಡಿದ್ದು ಡಯಲ್ಲಿನ ಮೇಲೆ ಬಿದ್ದ ಬೆಳಕನ್ನು. ಗಂಟೆ ಗಮನಕ್ಕೇ ಬಂದಿರುವುದಿಲ್ಲ.

ಇನ್ನೊಂದು ಕೇಳುತ್ತೇನೆ. ಬೆಳಿಗ್ಗೆ ವಾಚಿಗೆ ಕೀ ಕೊಟ್ಟು ಟೈಮು ಸರಿ ಮಾಡುತ್ತೀರಲ್ಲ, ಯಾವುದನ್ನು ನೋಡಿ? ಫೋನನ್ನೇ ಅಲ್ವಾ?

ನಮ್ಮಪ್ಪ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಇರುತ್ತಿದ್ದದ್ದು ನಾಲ್ಕೈದು ನಿಮಿಷ. ಮುಂದಿನದು ಒಂದೇ ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಕಂಡಕ್ಟರ್ ಕಾಲರ್ ಹಿಡಿಯಲು ಬರುತ್ತಿದ್ದ. ಆ ಜಗಳಕ್ಕೆಲ್ಲ ನ್ಯಾಯ ಹೇಳುತ್ತಿದ್ದದ್ದು ಅಪ್ಪನ ಕೈಯಲ್ಲಿದ್ದ ಎಚ್‌ಎಂಟಿ ಜನತಾ. ದಿನಾ ಬೆಳಿಗ್ಗೆ ರೇಡಿಯೊ ವಾರ್ತೆಗೆ ಮುಂಚೆ ‘ಪಿಪ್, ಪಿಪ್’ ಬರುವ ಹೊತ್ತಿಗೆ ಅವರು ಕೀ ಎಳೆದು ಹಿಡಿದು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಕೊನೆಯ ಪಿಪ್‌ಗೆ ಟಕ್ ಅಂತ ಒತ್ತುವುದು. ಆಗ ನಾವು ಮಕ್ಕಳು ಕೆಮ್ಮುವ ಹಾಗಿರಲಿಲ್ಲ.

ಅವರಿಗೆ ವಾಚು ಬೇಕಾಗಿತ್ತು, ಒಂದೇ ಇತ್ತು. ನಮಗೆ ಬೇಕಾಗಿಲ್ಲ, ಅದಕ್ಕೇ 23 ಇವೆ.

ಪ್ರ: ನನ್ನದು ಸಮುದ್ರದಲ್ಲಿ ಮುಳುಗುವವರ ವಾಚು. 200 ಮೀಟರ್ ಅಂತ ಬರೆದಿದೆ. ನನಗೆ ಈಜು ಬರುವುದಿಲ್ಲ. ಕೈ ತೊಳೆಯುವಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಸ್ನೇಹಿತರು ನಗುತ್ತಾರೆ.
— ಹಾಸನ

ಉ: ನಗಲಿ ಬಿಡಿ. ಜೋಗದ ಎತ್ತರ 253 ಮೀಟರ್. ಅದಕ್ಕಿಂತ ಸ್ವಲ್ಪ ಕಡಿಮೆ ಆಳದ ನೀರಿನ ಭಾರ ತಡೆಯುವ ವಾಚನ್ನು ನೀವು ನಲ್ಲಿ ನೀರಿಗೆ ಹೆದರಿ ಬಿಚ್ಚುತ್ತಿದ್ದೀರಿ. ಮೋಜಿಗೆ ಮುಳುಗುವವರಿಗೂ 40 ಮೀಟರೇ ಮಿತಿ. ಅಂದರೆ ಅವರಿಗೂ 200 ಜಾಸ್ತಿಯೇ.

ಹೆದರಬೇಕಾದವರು ಬೇರೆ ಇದ್ದಾರೆ. ಬೆನ್ನಿನ ಮೇಲೆ 30 ಮೀಟರ್ ಅಂತ ಬರೆದಿರುವ ವಾಚು ಕಟ್ಟಿಕೊಂಡು ಕೆರೆಗೆ ಹಾರುವವರು. ಆ 30 ಅನ್ನುವುದು ಅಲುಗಾಡದ ನೀರಿನ ಒತ್ತಡದ ಲೆಕ್ಕ. ಮಳೆ ಹನಿ, ಕೈ ತೊಳೆಯುವಾಗ ಸಿಡಿಯುವ ನೀರು, ಅಷ್ಟಕ್ಕೇ ಅದು. ನಿಮ್ಮ ವಾಚಿನಲ್ಲಿ ನೋಡಬೇಕಾದದ್ದು ಎರಡೇ. ಕೀಯನ್ನು ತಿರುಪಿನ ಹಾಗೆ ಬಿಗಿಯುವಂತಿದ್ದರೆ ಪೂರ್ತಿ ಬಿಗಿದಿದೆಯಾ ಅಂತ, ಮತ್ತೆ ಒಳಗಿನ ರಬ್ಬರ್ ರಿಂಗು ಗಟ್ಟಿಯಾಗಿ ಸೀಳಿದೆಯಾ ಅಂತ. ಕುಕ್ಕರ್ ಗ್ಯಾಸ್ಕೆಟ್ ಹಳೇದಾದರೆ ಏನಾಗುತ್ತೆ ಅಂತ ಗೊತ್ತಲ್ವಾ, ಅದೇ.

ಹಾಗೇ ಆ ಗಾಜಿನ ಸುತ್ತ ತಿರುಗುವ ಬಳೆಯನ್ನು ಸುಮ್ಮನೆ ಬಿಡಬೇಡಿ. ನಾನು ಇಡ್ಲಿ ಇಟ್ಟ ಕೂಡಲೇ ಅದರ ಗುರುತನ್ನು ನಿಮಿಷದ ಮುಳ್ಳಿಗೆ ತಂದು ನಿಲ್ಲಿಸುತ್ತೇನೆ. ಹನ್ನೆರಡು ನಿಮಿಷಕ್ಕೆ ಒಲೆ ಆರಿಸುವುದು. ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ, ಗಮನಿಸಿದ್ದೀರಾ? ನೀರೊಳಗೆ ಕಲ್ಲಿಗೆ ತಾಗಿ ಜರುಗಿದರೂ ಕಳೆದ ಹೊತ್ತು ಜಾಸ್ತಿ ತೋರಿಸಬೇಕೇ ಹೊರತು ಕಡಿಮೆ ತೋರಿಸಬಾರದು. ಆಗ ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಗಾಳಿ ಮುಗಿಯುವುದಿಲ್ಲ. ಒಂದು ಸಲ ನನ್ನ ಕೈ ಪಾತ್ರೆಗೆ ತಾಗಿ ಬಳೆ ಜರುಗಿತ್ತು. ಸಮುದ್ರದಲ್ಲಾಗಿದ್ದರೆ ಜೀವ ಉಳಿಯುತ್ತಿತ್ತು. ನಮ್ಮ ಮನೆಯಲ್ಲಿ ಇಡ್ಲಿ ಹಸಿ ಉಳಿಯಿತು.

ಪ್ರ: ಅಕ್ಕಾರ, 38,000 ರೂಪಾಯಿ ವಾಚಿಗೆ ಮನಿಯಾಕಿ ಮುಂದ 3,800 ಅಂತ ಹೇಳೀನಿ. ಒಂದು ಸೊನ್ನಿ ಅಷ್ಟ. ಆಕಿ ತನ್ನ ತಂಗಿಗೆ ಹೇಳ್ಯಾಳ. ಈಗ ನಮ್ಮ ಷಡ್ಡಕರು ‘ನನಗೂ ಅಂಥಾದ್ದ ಒಂದು ತರಸ್ರಿ’ ಅಂತ 3,800 ರೂಪಾಯಿ ಫೋನಿನ್ಯಾಗ ಹಾಕಿಬಿಟ್ಟಾರ. ಏನ್ ಮಾಡ್ಲಿ?
— ಹುಬ್ಬಳ್ಳಿ

ಉ: ಮೊದಲು ಆ ದುಡ್ಡು ಇವತ್ತೇ ವಾಪಸ್ ಹಾಕಿ. ‘ಸ್ಟಾಕ್ ಮುಗಿದಿದೆ’ ಅನ್ನಬೇಡಿ. ಅಂದರೆ ‘ಬಂದಾಗ ಹೇಳ್ರಿ, ರೊಕ್ಕ ನಿಮ್ಮ ಹತ್ರಾನ ಇರ್ಲಿ’ ಅಂತಾರೆ. ಷಡ್ಡಕರು ಅಷ್ಟು ಸುಲಭಕ್ಕೆ ಬಿಡುವವರಲ್ಲ.

ಆಮೇಲೆ ಮನೆಯಾಕೆಗೆ ಸೊನ್ನೆ ಸಮೇತ ಹೇಳಿಬಿಡಿ. ಈ ಸಲ ಬಂದ ಪತ್ರಗಳಿಗೆಲ್ಲ ಹೊಟ್ಟೆ ತುಂಬ ನಕ್ಕಿದ್ದೇನೆ. ನಿಮ್ಮದಕ್ಕೆ ಅರ್ಧ ಮಾತ್ರ. ಹುಚ್ಚು ನಿಮ್ಮದಿರಬಹುದು, ದುಡ್ಡು ಇಬ್ಬರದು. ಕೌಂಟರಿನಲ್ಲಿ ಕೂತಿದ್ದಾಗ ಹೆಂಡತಿಗೆ ಗೊತ್ತಿಲ್ಲದ ಹಾಗೆ ಉಳಿತಾಯ ಪತ್ರ ಮುರಿಸಿಕೊಂಡು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ್ಯಾರೂ ಮೂರನೇ ತಿಂಗಳು ನಗುತ್ತಿರಲಿಲ್ಲ.

ನೀವೇನು ಸತ್ಯಸಂಧರಾ ಅಂತ ಕೇಳಬಹುದು. ನಾನು ರೇಟು ಮುಚ್ಚಿಡುವುದಿಲ್ಲ. ಮುಚ್ಚಿಡುವುದು ಬೇರೆ. ಮನೆಯವರು ‘ಇದು ಹೊಸದಾ?’ ಅಂದರೆ ‘ಅಯ್ಯೋ, ಹಳೇದು ರೀ’ ಅನ್ನುತ್ತೇನೆ. 1978ರ ವಾಚು ಹಳೇದೇ ತಾನೇ? ನಮ್ಮ ಮನೆಗೆ ಬಂದದ್ದು ಹೋದ ಸೋಮವಾರ, ಅಷ್ಟೇ.

ಪ್ರ: ಎಡಗೈಯಲ್ಲಿ ಆಟೊಮ್ಯಾಟಿಕ್ ವಾಚು, ಕೈ ಆಡಿದರೆ ತಾನೇ ಕೀ ಕೊಟ್ಟುಕೊಳ್ಳುವಂಥದ್ದು. ಬಲಗೈಯಲ್ಲಿ ತುಂಬುತೋಳಿನ ಶರ್ಟಿನ ಒಳಗೆ ಹೆಜ್ಜೆ ಎಣಿಸುವ ಸ್ಮಾರ್ಟ್‌ವಾಚು. ಇದು ಮೋಸವಾ?
— ಮೈಸೂರು

ಉ: ಸೆಖೆಗಾಲ ಬರಲಿ, ತೋಳು ಮಡಿಸಬೇಕಾಗುತ್ತದೆ. ಆಗ ‘ಡಾಕ್ಟರ್ ಹೇಳಿದ್ದಾರೆ’ ಅನ್ನಿ. ಯಾರೂ ಮುಂದೆ ಕೇಳುವುದಿಲ್ಲ.

ಪ್ರ: ‘ಇದೇ ಕೊನೆಯದು’ ಅಂತ ಹೇಳಿ ಐದನೇ ವಾಚು ತಗೊಂಡೆ.
— ಮಂಗಳೂರು

ಉ: ಮದುವೆ ಊಟದಲ್ಲಿ ಬಡಿಸುವವರು ಬಂದಾಗ ‘ಸಾಕು, ಸಾಕು’ ಅನ್ನುತ್ತಲೇ ಎಲೆ ಮೇಲಿಂದ ಕೈ ತೆಗೆಯುವವರನ್ನು ನೋಡಿಲ್ವಾ? ನೀವು ಆ ಪಂಕ್ತಿ.

ಪ್ರ: ಮೇಡಂ, ಒಂದು ಲಕ್ಷದ ಹತ್ತಿರ ದುಡ್ಡು ಕೊಟ್ಟು ಸ್ವಿಸ್ ವಾಚು ತಗೊಂಡೆ. ದಿನಕ್ಕೆ 6 ಸೆಕೆಂಡ್ ಮುಂದೆ ಓಡುತ್ತದೆ. ಎಂಟನೇ ಕ್ಲಾಸಿನ ಮಗನ ಪ್ಲಾಸ್ಟಿಕ್ ಕ್ಯಾಸಿಯೊ ಕರೆಕ್ಟಾಗಿದೆ. ಅವನು ದಿನಾ ರಾತ್ರಿ ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸುತ್ತಾನೆ. ಹೇಳಲು ನಾಚಿಕೆ, ಅವನು ಮಲಗಿದ ಮೇಲೆ ನನ್ನದನ್ನು ಸರಿ ಮಾಡಿ ಇಡುತ್ತೇನೆ.
— ಬೆಂಗಳೂರು

ಉ: ಅಪ್ಪ ಮಗನಿಗೆ ಹೆದರಿ ಕಳ್ಳತನದಲ್ಲಿ ಮುಳ್ಳು ತಿರುಗಿಸುವುದು! ಈ ಕಂತೆಯಲ್ಲಿ ನನಗೆ ಬಹಳ ಇಷ್ಟವಾದ ಗುಟ್ಟು ಇದು.

ಸೋಲು ಹಳೆಯದು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿ ಆಸ್ಟ್ರಾನ್ ಅನ್ನುವ ಕ್ವಾರ್ಟ್ಜ್ ಕೈಗಡಿಯಾರ ತಂದ ದಿನವೇ ಈ ಪಂದ್ಯ ಮುಗಿಯಿತು. ಮಗನ ವಾಚಿನೊಳಗೆ ಒಂದು ಚೂರು ಸ್ಫಟಿಕ ಇದೆ, ಕ್ವಾರ್ಟ್ಜ್ ಅಂದರೆ ಅದೇ. ಸೆಲ್ಲಿನ ಕರೆಂಟಿಗೆ ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಅದ್ಯಾಕೆ ಅಂಥ ವಿಚಿತ್ರ ಸಂಖ್ಯೆ ಅಂದರೆ, ಅರ್ಧ, ಅದರಲ್ಲಿ ಅರ್ಧ ಅಂತ ಹದಿನೈದು ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ನಿಮ್ಮದರಲ್ಲಿ ಕೂದಲಿನಂಥ ಸ್ಪ್ರಿಂಗು, ಒಂದು ಪುಟ್ಟ ಚಕ್ರ. ಸೆಕೆಂಡಿಗೆ ಎಂಟು ಸಲ ಆ ಕಡೆ ಈ ಕಡೆ ಆಡಿದರೆ ಹೆಚ್ಚು. ನಮ್ಮಪ್ಪನ ಜನತಾದಲ್ಲಿ ಐದೇ ಸಲ.

ಈಗ ಲೆಕ್ಕ ಹಾಕಿ. ದಿನಕ್ಕೆ 86,400 ಸೆಕೆಂಡು. ತಪ್ಪಿದ್ದು 6. ಅಂದರೆ ನೂರಕ್ಕೆ 99.993 ಸರಿ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವವರೂ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಇದ್ದರೆ ಪಾಸು ಮಾಡುತ್ತಾರೆ. ಕೈ ಬೀಸುವ ಮನುಷ್ಯನ ಮೈಮೇಲೆ, ಸೆಲ್ಲಿಲ್ಲದೆ, ಬರೀ ಸ್ಪ್ರಿಂಗು ಹಲ್ಲುಚಕ್ರದಲ್ಲಿ! 34 ವರ್ಷದಲ್ಲಿ ನನ್ನ ಕೌಂಟರಿನ ಲೆಕ್ಕ ಇಷ್ಟು ಚೆನ್ನಾಗಿ ತಾಳೆಯಾದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಇನ್ನು ಮೇಲೆ ರಾತ್ರಿ ಮುಳ್ಳು ತಿರುಗಿಸಬೇಡಿ. ವಾಚನ್ನು ಹಾಗೇ ಮಗನ ಕೈಗೆ ಕೊಡಿ, ದಿನಾ ಎಷ್ಟು ಮುಂದೆ ಹೋಯಿತು ಅಂತ ಅವನೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಒಂದು ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸಲಿ, ಇನ್ನೊಂದು ರಾತ್ರಿ ಕೀ ಕೆಳಗೆ ಬರುವ ಹಾಗೆ ಒರಗಿಸಿ ನಿಲ್ಲಿಸಲಿ. ಲೆಕ್ಕ ಬೇರೆ ಬೇರೆ ಬರುತ್ತದೆ. ಹದಿನೈದು ದಿನದಲ್ಲಿ ಹುಡುಗ ನಿಮ್ಮ ಕಡೆ ಬರದಿದ್ದರೆ ನನಗೆ ಬರೆಯಿರಿ.

ಪ್ರ: ಆಂಟಿ, ದಿನಕ್ಕೊಂದು ವಾಚು ಕಟ್ಟುವುದರಿಂದ ತಾರೀಕು ಯಾವತ್ತೂ ಸರಿ ಇರುವುದಿಲ್ಲ. ಸರಿ ಮಾಡಲು ಸೋಮಾರಿತನ. ನಿನ್ನೆ ಇಂಟರ್ನಲ್ಸ್ ಉತ್ತರ ಪತ್ರಿಕೆ ಮೇಲೆ 31 ಅಂತ ಬರೆದೆ. ನಿನ್ನೆ 12 ಆಗಿತ್ತು.
— ಉಡುಪಿ

ಉ: ಪುಟ್ಟಾ, ಸೋಮಾರಿತನ ವಾಚಿಗೆ ಒಳ್ಳೆಯದೇ. ವಾಚಿನ ಮುಳ್ಳು ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಇರುವಾಗ ಕೀಯಿಂದ ತಾರೀಕು ಬದಲಿಸಲೇಬಾರದು. ಆ ಹೊತ್ತಿಗೆ ತಾರೀಕು ದಾಟಿಸುವ ಹಲ್ಲು ಒಳಗೆ ಕಚ್ಚಿಕೊಂಡಿರುತ್ತದೆ, ಒತ್ತಿದರೆ ಮುರಿಯಬಹುದು. ಮುಳ್ಳು ಆ ಹೊತ್ತು ದಾಟಿದ ಮೇಲೆ ಮಾಡು. ಪರೀಕ್ಷೆಗೆ ಮಾತ್ರ ತಾರೀಕಿಲ್ಲದ ವಾಚು ಕಟ್ಟಿಕೊಂಡು ಹೋಗು.

ಪ್ರ: ನಮ್ಮೂರಿನ ಎಚ್‌ಎಂಟಿ ಕಾರ್ಖಾನೆ ಮುಚ್ಚಿದಾಗ ಎಲ್ಲರಿಗಿಂತ ಜಾಸ್ತಿ ಕೂಗಾಡಿದವನು ನಾನು. ‘ನಮ್ಮ ಹೆಮ್ಮೆಯನ್ನು ಕೊಂದರು’ ಅಂತ ಎರಡು ಕಡೆ ಭಾಷಣವನ್ನೂ ಮಾಡಿದೆ. ನಿಜ ಹೇಳಬೇಕೆಂದರೆ 1990ರಿಂದ ಅಲ್ಲಿಯವರೆಗೆ ಒಂದೇ ಒಂದು ಎಚ್‌ಎಂಟಿ ಕೊಂಡಿರಲಿಲ್ಲ. ಮುಚ್ಚಿದ ಮೇಲೆ ಏಳು ಕೊಂಡೆ.
— ತುಮಕೂರು

ಉ: ಇದು ನಿಮ್ಮೊಬ್ಬರ ಗುಟ್ಟಲ್ಲ. ಇಡೀ ಕರ್ನಾಟಕದ್ದು, ನಾನೂ ಸೇರಿ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. ಮುಂದೆ ನಿಮ್ಮ ತುಮಕೂರಿಗೂ ಬಂತು. ಒಂದು ಕಾಲಕ್ಕೆ ಎಚ್‌ಎಂಟಿ ವಾಚಿಗೆ ಕಾಯಬೇಕಿತ್ತು, ‘ಕಾರ್ಖಾನೆಯಲ್ಲಿ ನಮ್ಮವರು ಯಾರಾದರೂ ಇದ್ದಾರಾ’ ಅಂತ ಹುಡುಕಬೇಕಿತ್ತು. ವರದಕ್ಷಿಣೆ ಮಾತುಕತೆಯಲ್ಲಿ ‘ಕಂಚನ್ ಕೊಡ್ತೀರಾ?’ ಅನ್ನುತ್ತಿದ್ದರು. ಕಂಚನ್ ಅಂದರೆ ಚಿನ್ನದ ಬಣ್ಣದ ಆಟೊಮ್ಯಾಟಿಕ್. ಆ ಹೆಸರು ಕೇಳಿದರೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟು ಬರುತ್ತದೆ. ಇರಲಿ.

1987ರ ಹೊತ್ತಿಗೆ ಹೊಸೂರಿನ ಟೈಟನ್ ಅಂಗಡಿಗೆ ಬಂತು. ತೆಳ್ಳಗೆ, ಚೆಂದಕ್ಕೆ, ಕೀ ಕೊಡುವ ಕೆಲಸವೇ ಇಲ್ಲ. 1989ರಲ್ಲಿ ನನಗೆ ಮೊದಲ ಸಲ ಅರಿಯರ್ಸ್ ಬಂದಾಗ ಕೊಂಡದ್ದು ಯಾವುದು ಅಂದುಕೊಂಡಿರಿ? ಟೈಟನ್ನೇ. ಅಪ್ಪ ಅದನ್ನು ಕಿವಿ ಹತ್ತಿರ ಹಿಡಿದು, ‘ಇದಕ್ಕೆ ಜೀವ ಇದ್ದ ಹಾಗೆ ಕೇಳಿಸೋದಿಲ್ಲವಲ್ಲೇ’ ಅಂದಿದ್ದರು. ನಾನು ನಕ್ಕಿದ್ದೆ.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ತುಮಕೂರಿನ ಜಾಗ ಇಸ್ರೊಗೆ ಹೋಯಿತು. ನಾವು ಅಂಗಡಿಯಲ್ಲಿ ಬೇಡ ಅಂದ ವಾಚುಗಳನ್ನು ಈಗ ಹಳೇ ಸಾಮಾನಿನವರ ಹತ್ತಿರ ಮೂರು ಪಟ್ಟು ಕೊಟ್ಟು ತರುತ್ತೇವೆ, ತಂದು ಒರೆಸುತ್ತಾ ‘ಎಂಥಾ ಕಂಪನಿ ಇತ್ತು’ ಅನ್ನುತ್ತೇವೆ. ಭಾಷಣಕ್ಕೆ ಮತ್ತೆ ಕರೆದರೆ ಈ ಏಳರ ಲೆಕ್ಕವನ್ನೂ ಹೇಳಿ. ಸಭೆಯಲ್ಲಿ ಅರ್ಧ ಜನ ತಲೆ ತಗ್ಗಿಸುತ್ತಾರೆ. ಬಿಡುವಿದ್ದಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೂ ಒಂದು ಸಲ ಹೋಗಿ ಬನ್ನಿ. ಭಾಷಣಕ್ಕಿಂತ ಅದು ಒಳ್ಳೆಯದು.

ಪ್ರ: ‘ಹಳೇ ಸ್ಟಾಕ್, ಬಳಸಿಲ್ಲ’ ಅಂತ ಜಾಹೀರಾತು ನೋಡಿ ಎಚ್‌ಎಂಟಿ ಪೈಲಟ್ ತರಿಸಿದೆ. ಕಿತ್ತಳೆ ಬಣ್ಣದ ಡಯಲ್, ಫಳಫಳ ಅನ್ನುತ್ತಿದೆ. ನಮ್ಮೂರಿನ ರಿಪೇರಿಯವರು ಮಸೂರ ಸಿಕ್ಕಿಸಿಕೊಂಡು ನೋಡಿ, ‘ಡಯಲ್ಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ ಸ್ವಾಮಿ’ ಅಂದರು. ಮೋಸ ಹೋದೆ ಅಂತ ಯಾರಿಗೂ ಹೇಳಿಲ್ಲ. ಆದರೆ ನಿಜವಾದ ಗುಟ್ಟು ಅದಲ್ಲ. ಗೊತ್ತಾದ ಮೇಲೂ ನನಗೆ ಅದೇ ಇಷ್ಟ. ನೀವು ಈ ಪುಟದಲ್ಲೇ ‘ಬಣ್ಣ ಹೊಡೆದ ಡಯಲ್ ಮುಟ್ಟಬೇಡಿ’ ಅಂತ ಎರಡು ಸಲ ಬರೆದಿದ್ದೀರಿ. ಏನು ಮಾಡಲಿ?
— ದಾವಣಗೆರೆ

ಉ: ಎರಡಲ್ಲ, ಮೂರು ಸಲ ಬರೆದಿದ್ದೇನೆ. ಗುರುತು ಹಿಡಿಯುವುದು ಹೇಗೆ ಅಂತಲೂ ಹೇಳಿದ್ದೆ. ಅಕ್ಷರ ದಪ್ಪಗೆ ಹರಡಿದಂತೆ ಇರುತ್ತದೆ, ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಸರಿಯಾಗಿ ಕೂರುವುದಿಲ್ಲ, ಹಳೇ ಕೇಸಿನ ಮೇಲೆ ಗೀರಿದ್ದರೂ ಡಯಲ್ ಮಾತ್ರ ಈಗ ತಾನೇ ಸ್ನಾನ ಮಾಡಿದ ಹಾಗಿರುತ್ತದೆ. ಅಷ್ಟೆಲ್ಲ ಬರೆದ ನಾನು ಒಂದನ್ನು ಮಾತ್ರ ಬರೆದಿರಲಿಲ್ಲ. ಎಲ್ಲರ ಗುಟ್ಟು ಕೇಳಿದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ.

ಅಪ್ಪ ಆ ಜನತಾವನ್ನು 1971ರಲ್ಲಿ ಕೊಂಡದ್ದು. ತೀರ್ಥಹಳ್ಳಿ ಮಳೆ ಗೊತ್ತಲ್ಲ. ಜೂನ್ ಬಂದರೆ ವಾಚಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟುತ್ತಿದ್ದರು. ಟೈಮು ನೋಡುವಾಗ ಹೆಬ್ಬೆರಳಲ್ಲಿ ಹಾಳೆ ಒರೆಸಬೇಕು. ಆದರೂ ನೀರು ಇಳಿಯುತ್ತಿತ್ತು. ಬಿಳಿ ಡಯಲ್ಲಿನ ಮೇಲೆ 4 ಮತ್ತು 5ರ ನಡುವೆ ಒಂದು ಕಂದು ಕಲೆ, ಹುಣಸೆ ಬೀಜದಷ್ಟು. ವರ್ಷ ಹೋದ ಹಾಗೆ ಅದು 6ರ ಕಡೆಗೆ ಹರಡಿತು. ಅದನ್ನು ನೋಡಿದಾಗೆಲ್ಲ ನನಗೆ ಒಂಥರಾ ಆಗುತ್ತಿತ್ತು. ಮಗಳು ಸರ್ಕಾರಿ ಕೆಲಸದಲ್ಲಿದ್ದಾಳೆ, ಅಪ್ಪನ ಕೈಯಲ್ಲಿ ಕಲೆ ಹಿಡಿದ ವಾಚು, ಅಂತ.

1998ರಲ್ಲಿ ತರಬೇತಿಗೆ ಅಂತ ಬೆಂಗಳೂರಿಗೆ ಹೋದಾಗ ‘ಆಯಿಲಿಂಗ್ ಮಾಡಿಸಿಕೊಂಡು ಬರ್ತೀನಿ’ ಅಂತ ತೆಗೆದುಕೊಂಡು ಹೋದೆ. ಅಂಗಡಿಯವರು ‘ಡಯಲ್ ಹೊಸದು ಮಾಡಿಕೊಡ್ಲಾ?’ ಅಂದರು. ನಾನು ಎರಡನೇ ಸಲ ಯೋಚಿಸಲಿಲ್ಲ. ನಾಲ್ಕು ದಿನಕ್ಕೆ ಬಂತು. ಹಾಲಿನಂಥ ಬಿಳುಪು. ಹೊಸ ಗಾಜು, ಹೊಸ ಬೆಲ್ಟು. ಊರಿಗೆ ಹೋಗಿ ಊಟವಾದ ಮೇಲೆ ಅಪ್ಪನ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. ‘ಚೆನ್ನಾಗಿದೆ’ ಅಂದರು. ಆಮೇಲೆ ಕೇಳಿದರು, ‘ನನ್ನದೆಲ್ಲಿ?’

ಇದೇ ಅಂತ ಹೇಳಿದೆ. ಕಟ್ಟಿಕೊಂಡರು. ಸಾಯುವವರೆಗೂ ಅದನ್ನೇ ಕಟ್ಟಿದರು, ಒಂದು ಮಾತೂ ಆಡಲಿಲ್ಲ. ಬಣ್ಣ ಹೊಡೆಯುವ ಮುಂಚೆ ಹಳೆಯದನ್ನು ಪೂರ್ತಿ ಕೆರೆದು ತೆಗೆಯುತ್ತಾರೆ. ಆ ಕಲೆಯನ್ನು ಈಗ ಎಷ್ಟು ದುಡ್ಡು ಕೊಟ್ಟರೂ ಯಾರೂ ತಂದುಕೊಡಲಾರರು. ನಾನು ಮೂರು ಸಲ ಗಟ್ಟಿ ದನಿಯಲ್ಲಿ ಬರೆದದ್ದು ಅದಕ್ಕೇ. ನಿಮಗಿಂತ ಜಾಸ್ತಿ ನನಗೇ ಹೇಳಿಕೊಂಡದ್ದು.

ನಿಮ್ಮ ಪೈಲಟ್‌ನ ವಿಷಯಕ್ಕೆ ಬರುತ್ತೇನೆ. ಹಳೇ ಸ್ಟಾಕ್ ಅಂತ ಸುಳ್ಳು ಹೇಳಿ ಮಾರಿದ್ದು ತಪ್ಪು, ಅವರಿಂದ ಮತ್ತೆ ಕೊಳ್ಳಬೇಡಿ. ಇಷ್ಟವಾದ ವಾಚನ್ನು ಕಟ್ಟಿಕೊಳ್ಳಲು ನನ್ನ ಅಪ್ಪಣೆ ಬೇಡ. ಕಟ್ಟಿಕೊಳ್ಳಿ, ಕೇಳಿದವರಿಗೆ ಬಣ್ಣ ಹೊಡೆದದ್ದು ಅಂತ ಹೇಳಿ. ಒಂದು ಕೆಲಸ ಮಾತ್ರ ಮಾಡಿ. ಆ ರಿಪೇರಿಯವರ ಹತ್ತಿರ ಮತ್ತೆ ಹೋಗಿ ಹಿಂದಿನ ಮುಚ್ಚಳ ತೆಗೆಸಿ, ಮುಚ್ಚಳದ ಒಳಮೈಯನ್ನು ಮಸೂರದಲ್ಲಿ ನೋಡಿ. ರಿಪೇರಿ ಮಾಡಿದವರು ಅಲ್ಲಿ ಸೂಜಿಯಂಥದ್ದರಲ್ಲಿ ತಾರೀಕು ಗೀಚಿರುತ್ತಾರೆ. ಡಯಲ್ ಸುಳ್ಳು ಹೇಳಿದರೂ ಮುಚ್ಚಳ ಹೇಳುವುದಿಲ್ಲ. ನಿಮ್ಮ ವಾಚು ಯಾರದೋ ಕೈಯಲ್ಲಿ ಎಷ್ಟು ವರ್ಷ ದುಡಿದಿದೆ ಅಂತ ಗೊತ್ತಾಗಬಹುದು.

ಅಪ್ಪನದನ್ನು ಹೋದ ವರ್ಷ ಇಲ್ಲಿ ಶಿವಮೊಗ್ಗದಲ್ಲಿ ತೆಗೆಸಿದೆ. ರಿಪೇರಿಯವರು ಮಸೂರವನ್ನು ನನ್ನ ಕಣ್ಣಿಗೇ ಸಿಕ್ಕಿಸಿ ತೋರಿಸಿದರು. 12-7-76. 9-8-81. 3-7-88. ಮೂರೂ ಮಳೆಗಾಲದವು, ನೀರು ಇಳಿದಾಗ ಬಿಚ್ಚಿಸಿದ್ದು. ಅವುಗಳ ಕೆಳಗೆ ಬೇರೆ ಕೈಯಲ್ಲಿ ಇನ್ನೊಂದು ಇತ್ತು, ಸ್ವಲ್ಪ ದೊಡ್ಡ ಅಕ್ಷರ: 14-6-98. ಅದು ನಾನು ಮಾಡಿಸಿದ್ದು.